ಮೇಲಿನ ಮನೆಯ ಪರದೇಶಿ

ಮಕ್ಕಳೇ, ಬೆಂಗಳೂರಿನ ನಕಾಶೆಯಲ್ಲಿ ಹೊರವರ್ತುಲ ರಸ್ತೆಯನ್ನು ಹುಡುಕಿ. ಈಶಾನ್ಯದ ಕಡೆ ಹೆಣ್ಣೂರು ಕ್ರಾಸ್‌ನಿಂದ ಬಾಣಸವಾಡಿಯವರೆಗೆ ಬೆರಳು ಎಳೆದುಕೊಂಡು ಬನ್ನಿ. ಆ ರಸ್ತೆಯ ಒಳಮಗ್ಗುಲಿಗೆ ಸಿಗುವುದೇ ನಮ್ಮ ಕಮ್ಮನಹಳ್ಳಿ. ಒಂದು ಕಡೆ ಲಿಂಗರಾಜಪುರ, ಇನ್ನೊಂದು ಕಡೆ ಕಾಚರಕನಹಳ್ಳಿ, ಮತ್ತೊಂದು ಕಡೆ ಎಚ್.ಆರ್.ಬಿ.ಆರ್. ಬಡಾವಣೆ. ಈ ನಾಲ್ಕು ಅಕ್ಷರಕ್ಕೆ ಹೆದರಬೇಡಿ. ಹೆಣ್ಣೂರು ರೋಡ್, ಬಾಣಸವಾಡಿ ರೋಡ್ ಅಂತ ಅಷ್ಟೇ ಅದರ ಅರ್ಥ.

ನಾವು ಇಲ್ಲಿಗೆ ಮನೆ ಕಟ್ಟಿಕೊಂಡು ಬಂದದ್ದು 1986ರಲ್ಲಿ. ನನ್ನ ಸ್ವಂತ ಊರು ತಿಪಟೂರು. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು, ಊರೂರು ಸುತ್ತಿ ಕೊನೆಗೆ ಇಲ್ಲಿ ಬೇರು ಬಿಟ್ಟೆ. ಆಗ ನಮ್ಮ ಮನೆಯ ಹಿಂದೆ ರಾಗಿ ಹೊಲ ಇತ್ತು. ರಾತ್ರಿ ಎಂಟು ಗಂಟೆಗೆ ಬೀದಿ ನಿಶ್ಶಬ್ದ. ಈಗ ಅದೇ ಹೊತ್ತಿಗೆ ಮೇನ್ ರೋಡಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಿರಿಯಾನಿ ಅಂಗಡಿಯ ಪಕ್ಕ ಮೊಮೊ ಗಾಡಿ, ಅದರ ಪಕ್ಕ ಮಲಯಾಳಿಗಳ ಬೇಕರಿ, ಅದರೆದುರು ದೋಸೆ ಕಾವಲಿ. ಅಂಗಡಿ ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದರೆ ಕನ್ನಡ, ತಮಿಳು, ಮಲಯಾಳ, ತೆಲುಗು, ಉರ್ದು, ಇಂಗ್ಲಿಷ್, ಮಣಿಪುರಿ, ಜೊತೆಗೆ ನಮಗೆ ಹೆಸರೇ ಗೊತ್ತಿಲ್ಲದ ಎರಡು ಮೂರು ಭಾಷೆಗಳು ಕಿವಿಗೆ ಬೀಳುತ್ತವೆ. ಸುತ್ತಮುತ್ತ ಕಾಲೇಜುಗಳು ಬಹಳ. ಅವುಗಳಲ್ಲಿ ಓದಲು ಆಫ್ರಿಕಾ ಖಂಡದ ಹಲವು ದೇಶಗಳಿಂದ ಬಂದ ಹುಡುಗ ಹುಡುಗಿಯರು ಇಲ್ಲಿ ಬಾಡಿಗೆ ಮನೆ ಹಿಡಿಯುತ್ತಾರೆ.

ಕನ್ನಡದಲ್ಲಿ ‘ಪರದೇಶಿ’ ಅನ್ನುವ ಮಾತಿಗೆ ಎರಡು ಅರ್ಥ. ಬೇರೆ ದೇಶದವನು ಅನ್ನುವುದು ಒಂದು. ದಿಕ್ಕಿಲ್ಲದವನು, ಯಾರೂ ಇಲ್ಲದವನು ಅನ್ನುವುದು ಇನ್ನೊಂದು. “ಪರದೇಶಿ ಹಾಗೆ ಯಾಕೆ ಕೂತಿದ್ದೀಯ?” ಅಂತ ನಮ್ಮ ಅಮ್ಮ ನನ್ನನ್ನು ಗದರುತ್ತಿದ್ದಳು. ಮೊದಲನೆಯ ಅರ್ಥದವನು ಎರಡನೆಯ ಅರ್ಥದವನಾಗದ ಹಾಗೆ ನೋಡಿಕೊಳ್ಳುವುದು ಊರಿನವರ ಕೆಲಸ. ಅದು ಎಷ್ಟು ಸುಲಭ, ಎಷ್ಟು ಕಷ್ಟ ಎಂಬುದನ್ನೇ ಇಲ್ಲಿ ಹೇಳಹೊರಟಿದ್ದೇನೆ.

2019ರ ಜುಲೈನಲ್ಲಿ ನಮ್ಮ ಮಹಡಿ ಮನೆಗೆ ಕೆನ್ಯಾ ದೇಶದ ಒಬ್ಬ ಹುಡುಗ ಬಾಡಿಗೆಗೆ ಬಂದ. ಊರು ಕಿಸುಮು, ವಿಕ್ಟೋರಿಯಾ ಸರೋವರದ ದಡದಲ್ಲಿದೆ. ಓದು ಬಿ.ಕಾಂ. ಅಂತ ಕೇಳಿದ ತಕ್ಷಣ ನನಗೆ ಅರ್ಧ ನೆಂಟಸ್ತಿಕೆ ಬೆಳೆದುಬಿಟ್ಟಿತು. ಪಾಸ್‌ಪೋರ್ಟು, ವೀಸಾ ನೋಡಿದೆ. ವಿದೇಶದವರಿಗೆ ಮನೆ ಕೊಟ್ಟರೆ 24 ಗಂಟೆಯೊಳಗೆ ‘ಫಾರಂ ಸಿ’ ಎಂಬುದನ್ನು ಕಂಪ್ಯೂಟರಿನಲ್ಲಿ ತುಂಬಿ ಸರ್ಕಾರಕ್ಕೆ ತಿಳಿಸಬೇಕು ಎಂಬುದು ಆಗಿನ ನಿಯಮ. ಮೂವತ್ತೆಂಟು ವರ್ಷ ಫಾರಂ ತುಂಬಿಸಿಕೊಂಡವನಿಗೆ ಒಂದು ಫಾರಂ ತುಂಬುವುದು ಹಬ್ಬದ ಹಾಗೆ. ಆ ಹುಡುಗ ಮೊದಲ ವಾರ ನನ್ನನ್ನು “ಸರ್” ಅಂದ, ಮುಂದಿನ ತಿಂಗಳು “ಅಂಕಲ್” ಅಂದ, ದೀಪಾವಳಿ ಹೊತ್ತಿಗೆ ಬೀದಿಯ ಮಕ್ಕಳಿಂದ ಕಲಿತು “ತಾತ” ಅಂದ.

ಅವನ ಸ್ವಾಹಿಲಿ ಭಾಷೆಯಲ್ಲಿ ತಾತನಿಗೆ ‘ಬಾಬು’ ಅನ್ನುತ್ತಾರೆ, ಅಜ್ಜಿಗೆ ‘ಬೀಬಿ’. ಬಾಬು ಅನ್ನುವ ಹೆಸರಿನ ಅಂಗಡಿ ನಮ್ಮ ಬೆಂಗಳೂರಿನಲ್ಲಿ ಯಾವ ಬೀದಿಯಲ್ಲಿ ಇಲ್ಲ ಹೇಳಿ? ಬೋರ್ಡು ಕಂಡಲ್ಲೆಲ್ಲ ಅವನು ನಿಂತು ನಗುತ್ತಿದ್ದ. “ತಾತ, ಈ ಊರಿನಲ್ಲಿ ಎಲ್ಲ ಅಂಗಡಿಯೂ ತಾತಂದಿರದ್ದೇನಾ?”

ಗಾಡಿ

ಕೆನ್ಯಾದಲ್ಲಿ ನಮ್ಮ ಹಾಗೇ ರಸ್ತೆಯ ಎಡಗಡೆ ಗಾಡಿ ಓಡಿಸುತ್ತಾರೆ. ಹಾಗಾಗಿ ಅವನಿಗೆ ಎಡ ಬಲದ ಗೊಂದಲ ಇರಲಿಲ್ಲ. ಆದರೆ ಕಮ್ಮನಹಳ್ಳಿ ಮೇನ್ ರೋಡಿಗೆ ಎಡ ಬಲ ಮಾತ್ರ ಗೊತ್ತಿದ್ದರೆ ಸಾಲದಲ್ಲ! ಅವನು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಇಲ್ಲಿನ ರಸ್ತೆಯ ನಿಯಮಗಳನ್ನು ತಾನೇ ಬರೆದುಕೊಂಡಿದ್ದ. ಒಂದು ಸಂಜೆ ನನಗೆ ಓದಿ ಹೇಳಿದ. ಆಟೊ ಯಾವ ಕಡೆ ತಿರುಗುತ್ತದೆ ಎಂದು ತಿಳಿಯಲು ದೀಪ ನೋಡಬಾರದು, ಡ್ರೈವರನ ಕೈಯನ್ನೋ ಹೊರಗೆ ಚಾಚಿದ ಕಾಲನ್ನೋ ನೋಡಬೇಕು. ರಸ್ತೆ ದಾಟುವಾಗ ಅಂಗೈ ಅಡ್ಡ ಹಿಡಿದು ಒಂದೇ ಸಮನೆ ನಡೆಯಬೇಕು, ಓಡಬಾರದು, ನಡುವೆ ಮನಸ್ಸು ಬದಲಾಯಿಸಬಾರದು. ಫುಟ್‌ಪಾತಿನ ಮೇಲೆ ನಡೆಯುವವನು ಹಿಂದೆಯೂ ನೋಡಿಕೊಳ್ಳಬೇಕು, ಬೈಕು ಬರಬಹುದು. ದೂರ ಎಷ್ಟು ಅಂತ ಕೇಳಿದರೆ ಬೆಂಗಳೂರಿನವರು ಕಿಲೋಮೀಟರಿನಲ್ಲಿ ಹೇಳುವುದಿಲ್ಲ, ನಿಮಿಷದಲ್ಲಿ ಹೇಳುತ್ತಾರೆ, ಆ ನಿಮಿಷವನ್ನು ಎರಡರಿಂದ ಗುಣಿಸಿಕೊಳ್ಳಬೇಕು.

ನಾನು ನಕ್ಕೆ. ಆದರೆ ಅವನ ನೈಜೀರಿಯಾದ ಗೆಳೆಯನ ವಿಷಯ ಕೇಳಿ ನಗು ನಿಂತಿತು. ನೈಜೀರಿಯಾದಲ್ಲಿ ಗಾಡಿಗಳು ಬಲಗಡೆ ಓಡುತ್ತವೆ. ಆ ಹುಡುಗ ಲಿಂಗರಾಜಪುರದ ಮೇಲ್ಸೇತುವೆ ಇಳಿದು ಬರುವ ದಾರಿಯಲ್ಲಿ ರಸ್ತೆ ದಾಟುವಾಗ ಅಭ್ಯಾಸಬಲದಿಂದ ಎಡಕ್ಕೆ ನೋಡಿ ಹೆಜ್ಜೆ ಇಟ್ಟ. ಗಾಡಿ ಬಂದದ್ದು ಬಲದಿಂದ. ಸದ್ಯ, ಯಾರೋ ಹೂ ಮಾರುವ ಅಮ್ಮ ಶರ್ಟು ಹಿಡಿದು ಹಿಂದಕ್ಕೆ ಎಳೆದಳು. ಆಕೆಯ ಭಾಷೆ ಅವನಿಗೆ ಬಾರದು, ಅವನ ಭಾಷೆ ಆಕೆಗೆ ಬಾರದು. ಆಕೆ ಬೈದದ್ದು ಮಾತ್ರ ಪೂರ್ತಿ ಅರ್ಥವಾಯಿತಂತೆ.

ಮಕ್ಕಳೇ, ಎಡ ಬಲದ ಕಥೆ ಸ್ವಾರಸ್ಯವಾಗಿದೆ. ಬ್ರಿಟಿಷರು ಆಳಿದ ನಾಡುಗಳಲ್ಲಿ ಹೆಚ್ಚಿನವು ಎಡಗಡೆಯ ಪದ್ಧತಿ ಹಿಡಿದವು. ನೈಜೀರಿಯಾವೂ ಹಾಗೇ ಇತ್ತು. ಆದರೆ ಅದರ ಅಕ್ಕಪಕ್ಕದ ದೇಶಗಳೆಲ್ಲ ಫ್ರೆಂಚರು ಆಳಿದವು, ಅಲ್ಲಿ ಬಲಗಡೆ ಪದ್ಧತಿ. ಗಡಿ ದಾಟಿದ ಲಾರಿ ಪ್ರತಿ ಸಲ ಪಕ್ಕ ಬದಲಾಯಿಸಬೇಕಲ್ಲ! ಹಾಗಾಗಿ 1972ರಲ್ಲಿ ನೈಜೀರಿಯಾ, 1974ರಲ್ಲಿ ಘಾನಾ ದೇಶ ಎಡದಿಂದ ಬಲಕ್ಕೆ ಬದಲಾದವು. ಯುರೋಪಿನ ಸ್ವೀಡನ್ 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಇಡೀ ದೇಶದ ಗಾಡಿಗಳನ್ನು ಒಂದೇ ಸಲ ಎಡದಿಂದ ಬಲಕ್ಕೆ ಸರಿಸಿತು. ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ ಸಮೋವಾ 2009ರಲ್ಲಿ ಬಲದಿಂದ ಎಡಕ್ಕೆ ಬಂತು. ಯಾವ ಪಕ್ಕ ಎಂಬುದು ಮುಖ್ಯವಲ್ಲ, ಎಲ್ಲರೂ ಒಂದೇ ಪಕ್ಕ ಅನ್ನುವುದು ಮುಖ್ಯ. ನಮ್ಮ ಮೇನ್ ರೋಡಿನಲ್ಲಿ ಎದುರುಬದುರಾಗಿ ನುಗ್ಗುವ ಬೈಕಿನವರಿಗೆ ಇದನ್ನು ಯಾರಾದರೂ ಹೇಳಬೇಕು.

ಇನ್ನೊಂದು ವಿಷಯ. ನಾವು ‘ಗಾಡಿ’ ಅನ್ನುತ್ತೇವೆ. ಸ್ವಾಹಿಲಿಯಲ್ಲಿ ಅದಕ್ಕೆ ‘ಗಾರಿ’. ನಮ್ಮ ಆಟೊರಿಕ್ಷಾಗೆ ಕೆನ್ಯಾದ ಪಕ್ಕದ ಟಾಂಜಾನಿಯಾದಲ್ಲಿ ‘ಬಜಾಜಿ’ ಅನ್ನುತ್ತಾರೆ, ಪುಣೆಯ ಬಜಾಜ್ ಕಂಪನಿಯ ಗಾಡಿ ಅಲ್ಲಿಗೆ ಹೋಗಿ ಹೆಸರೇ ಆಗಿಬಿಟ್ಟಿದೆ. ಬೆಂಗಳೂರಿಗೆ ಹತ್ತಿರದ ಹೊಸೂರಿನಲ್ಲಿ ಕಾರ್ಖಾನೆ ಇರುವ ಟಿ.ವಿ.ಎಸ್. ಬೈಕುಗಳೂ ಆಫ್ರಿಕಾದ ರಸ್ತೆಗಳಲ್ಲಿ ಓಡುತ್ತವೆ. “ನಿಮ್ಮ ಊರಿಗೆ ಬರುವ ಮೊದಲೇ ನಿಮ್ಮ ಊರಿನ ಗಾಡಿ ಹತ್ತಿದ್ದೆ ತಾತ” ಅಂದ ನಮ್ಮ ಹುಡುಗ.

ದುಡ್ಡು

ಗಾಡಿ ಶಬ್ದ ಅಲ್ಲಿಗೆ ಹೋದದ್ದು ಹೇಗೆ? ಅರಬ್ಬೀ ಸಮುದ್ರದ ಈಚೆ ದಡ ನಮ್ಮದು, ಆಚೆ ದಡ ಅವರದು. ನೂರಾರು ವರ್ಷ ಹಾಯಿಹಡಗುಗಳು ಗಾಳಿಯ ದಿಕ್ಕು ನೋಡಿಕೊಂಡು ಹೋಗಿ ಬರುತ್ತಿದ್ದವು. ಆಮೇಲೆ 1896ರಲ್ಲಿ ಬ್ರಿಟಿಷರು ಮೊಂಬಾಸಾ ಬಂದರಿನಿಂದ ವಿಕ್ಟೋರಿಯಾ ಸರೋವರದವರೆಗೆ ರೈಲುದಾರಿ ಹಾಕಲು ಶುರು ಮಾಡಿದರು. ಅದಕ್ಕಾಗಿ ಭಾರತದಿಂದ ಸುಮಾರು 32 ಸಾವಿರ ಕೂಲಿಗಳನ್ನು ಕರೆದೊಯ್ದರು. ಅವರಲ್ಲಿ ಸುಮಾರು 2,500 ಜನ ಕಾಯಿಲೆಗೆ, ಅಪಘಾತಕ್ಕೆ, ಕೆಲವರು ಸಿಂಹಗಳಿಗೂ ಬಲಿಯಾದರು. 1901ರಲ್ಲಿ ಹಳಿ ಸರೋವರ ಮುಟ್ಟಿದ ಜಾಗವೇ ನಮ್ಮ ಹುಡುಗನ ಕಿಸುಮು. ಅವತ್ತು ಅಲ್ಲಿ ಪರದೇಶಿಗಳಾಗಿದ್ದವರು ನಮ್ಮವರು.

1920ರವರೆಗೆ ಅಲ್ಲಿ ಚಲಾವಣೆಯಲ್ಲಿದ್ದ ಹಣ ಕೂಡ ರೂಪಾಯಿಯೇ. ಇವತ್ತಿಗೂ ಸ್ವಾಹಿಲಿಯಲ್ಲಿ ದುಡ್ಡಿಗೆ ‘ಪೆಸಾ’ ಅನ್ನುತ್ತಾರೆ, ನಮ್ಮ ಪೈಸೆ. ಒಂದು ಲಕ್ಷಕ್ಕೆ ‘ಲಾಕಿ’. ವಿಮೆಗೆ ‘ಬೀಮಾ’. ಚಪಾತಿಗೆ ಚಪಾತಿಯೇ!

ಬ್ಯಾಂಕಿನಲ್ಲಿ ದುಡಿದವನಾದ್ದರಿಂದ ನನಗೆ ಹೆಚ್ಚು ಅಚ್ಚರಿಯಾದದ್ದು ‘ಎಂ-ಪೆಸಾ’. 2007ರ ಮಾರ್ಚ್‌ನಲ್ಲಿ ಕೆನ್ಯಾದ ಸಫಾರಿಕಾಮ್ ಎಂಬ ಫೋನ್ ಕಂಪನಿ ಶುರು ಮಾಡಿದ್ದು. ‘ಎಂ’ ಅಂದರೆ ಮೊಬೈಲು. ಹಳ್ಳಿಯ ಕಿರಾಣಿ ಅಂಗಡಿಯವನೇ ಅದರ ಏಜೆಂಟು. ಅವನ ಕೈಗೆ ನೋಟು ಕೊಟ್ಟರೆ ನಿಮ್ಮ ಫೋನಿನ ಖಾತೆಗೆ ಅಷ್ಟು ಜಮಾ ಆಗುತ್ತದೆ. ಗುಂಡಿ ಒತ್ತಿ ಅದನ್ನು ನೂರು ಮೈಲಿ ಆಚೆಯ ಅಜ್ಜಿಯ ಫೋನಿಗೆ ಕಳಿಸಬಹುದು. ಅಜ್ಜಿ ತನ್ನ ಊರಿನ ಅಂಗಡಿಗೆ ಹೋಗಿ ನೋಟು ತೆಗೆದುಕೊಳ್ಳುತ್ತಾಳೆ. ಇದಕ್ಕೆ ಸ್ಮಾರ್ಟ್ ಫೋನು ಬೇಡ, ಇಂಟರ್ನೆಟ್ ಬೇಡ, ಬ್ಯಾಂಕಿನ ಖಾತೆಯೂ ಬೇಡ. ಹಳೆಯ ಗುಂಡಿ ಫೋನು ಸಾಕು.

ನಮ್ಮಲ್ಲಿ ಯು.ಪಿ.ಐ. ಬಂದದ್ದು 2016ರಲ್ಲಿ. ಅದಕ್ಕೆ ಒಂಬತ್ತು ವರ್ಷ ಮೊದಲೇ ಈ ಹುಡುಗನ ಅಜ್ಜಿ ತನ್ನ ಹಳ್ಳಿಯಲ್ಲಿ ಕೂತು ಫೋನಿನಲ್ಲಿ ದುಡ್ಡು ಎಣಿಸುತ್ತಿದ್ದಳು! ನಾನು 1973ರಲ್ಲಿ ಬ್ಯಾಂಕು ಸೇರಿದಾಗ ಹಿತ್ತಾಳೆ ಟೋಕನ್ ಕೊಟ್ಟು ಜನರನ್ನು ಬೆಂಚಿನ ಮೇಲೆ ಕೂರಿಸುತ್ತಿದ್ದೆವು. ಲೆಡ್ಜರು ಎಷ್ಟು ಭಾರ ಇರುತ್ತಿತ್ತು ಅಂದರೆ ಅದನ್ನು ಎತ್ತಿ ಎತ್ತಿಯೇ ನಮ್ಮ ತೋಳು ಗಟ್ಟಿಯಾದದ್ದು. 1980ರ ದಶಕದ ಕೊನೆಗೆ ಲೆಡ್ಜರ್ ಪೋಸ್ಟಿಂಗ್ ಮಷೀನು ಬಂತು, ಆಮೇಲೆ ಕಂಪ್ಯೂಟರು, ಆಮೇಲೆ ಎಲ್ಲ ಶಾಖೆಗಳನ್ನೂ ಒಂದೇ ದಾರಕ್ಕೆ ಪೋಣಿಸಿದ ಕೋರ್ ಬ್ಯಾಂಕಿಂಗ್. ಅಷ್ಟು ಮೆಟ್ಟಿಲುಗಳನ್ನು ನಾವು ಒಂದೊಂದಾಗಿ ಹತ್ತಿದೆವು. ಬ್ಯಾಂಕಿನ ಶಾಖೆಯೇ ಇಲ್ಲದ ಹಳ್ಳಿಯ ಅಜ್ಜಿ ಒಂದೇ ಸಲ ಮಹಡಿಗೆ ಹಾರಿಬಿಟ್ಟಳು.

ಅಜ್ಜ ಅಜ್ಜಿಯರಿಗೆ ಇಲ್ಲಿ ಒಂದು ಕಿವಿಮಾತು. ನಮ್ಮ ಫೋನಿನಿಂದ ದುಡ್ಡು ಹೋಗಬೇಕಾದರೆ ಮಾತ್ರ ಗುಟ್ಟಿನ ಪಿನ್ ಸಂಖ್ಯೆ ಒತ್ತಬೇಕು. ದುಡ್ಡು ಬರುವುದಕ್ಕೆ ಪಿನ್ ಬೇಡವೇ ಬೇಡ. “ನಿಮಗೆ ಹಣ ಬಂದಿದೆ, ಪಿನ್ ಒತ್ತಿ” ಅಂತ ಯಾರಾದರೂ ಫೋನು ಮಾಡಿದರೆ ಅವರು ಕಳ್ಳರೇ. ಮೊಮ್ಮಕ್ಕಳೇ, ಇದನ್ನು ಮನೆಯಲ್ಲಿ ಎರಡು ಸಲ ಓದಿ ಹೇಳಿ.

ಮುದ್ದೆ

ಒಂದು ಭಾನುವಾರ ನಮ್ಮ ಮನೆಯವಳು ಬಸ್ಸಾರು, ರಾಗಿಮುದ್ದೆ ಮಾಡಿದ್ದಳು. ಹುಡುಗ ಬಾಡಿಗೆ ಕೊಡಲು ಇಳಿದು ಬಂದವನು ವಾಸನೆಗೆ ನಿಂತ. ತಟ್ಟೆ ಹಾಕಿದೆವು. ನಮ್ಮ ಪೇಟೆಯ ಮಕ್ಕಳಾದರೆ ಮುದ್ದೆಗೆ ಚಮಚ ಕೇಳುತ್ತಾರೆ. ಇವನು ಕೈ ತೊಳೆದು ಬಂದು, ಒಂದು ತುಂಡು ಮುರಿದು, ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ನಡುವೆ ಗುಳಿ ಒತ್ತಿ, ಅದರಲ್ಲಿ ಸೊಪ್ಪು ತುಂಬಿಕೊಂಡು ಬಾಯಿಗೆ ಹಾಕಿಕೊಂಡ. ಅವರ ಮನೆಯಲ್ಲಿ ಮೆಕ್ಕೆಜೋಳದ ಹಿಟ್ಟಿನಿಂದ ‘ಉಗಾಲಿ’ ಎಂಬ ಮುದ್ದೆ ಮಾಡುತ್ತಾರೆ, ಅದಕ್ಕೆ ‘ಸುಕುಮಾ ವಿಕಿ’ ಎಂಬ ಸೊಪ್ಪಿನ ಪಲ್ಯ. ಸುಕುಮಾ ವಿಕಿ ಅಂದರೆ ‘ವಾರ ತಳ್ಳು’ ಅಂತ. ಸಂಬಳ ಬರುವವರೆಗೆ ಅಗ್ಗದ ಸೊಪ್ಪಿನಲ್ಲಿ ದಿನ ತಳ್ಳುವುದು! ಗುಮಾಸ್ತರ ಮನೆಗಳಲ್ಲಿ ತಿಂಗಳ ಕೊನೆಗೆ ನಾವೂ ತಳ್ಳಿದ್ದು ಅದನ್ನೇ.

ಒಂದೇ ವ್ಯತ್ಯಾಸ. ಅವನು ಮುದ್ದೆಯನ್ನು ಅಗಿದ. “ಅಯ್ಯೋ, ನುಂಗಬೇಕು ಕಣಪ್ಪ” ಅಂದಳು ನಮ್ಮವಳು. “ಅಜ್ಜಿ, ದೇವರು ಹಲ್ಲು ಕೊಟ್ಟಿದ್ದಾನೆ” ಅಂದ.

ರಾಗಿಯ ತವರು ಯಾವುದು ಗೊತ್ತೇ? ಇಥಿಯೋಪಿಯಾ, ಉಗಾಂಡಾ ಕಡೆಯ ಪೂರ್ವ ಆಫ್ರಿಕಾದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅದು ಸಮುದ್ರ ದಾಟಿ ನಮ್ಮ ನಾಡಿಗೆ ಬಂತು. ಕೆನ್ಯಾದಲ್ಲಿ ಅದಕ್ಕೆ ‘ವಿಂಬಿ’ ಅನ್ನುತ್ತಾರೆ, ಬೆಳಿಗ್ಗೆ ಗಂಜಿ ಕಾಯಿಸಿ ಕುಡಿಯುತ್ತಾರೆ. ನಮ್ಮ ಮನೆಯ ಹಿಂದಿದ್ದ ಹೊಲದ ರಾಗಿಯೂ ಒಂದು ಕಾಲಕ್ಕೆ ಪರದೇಶಿಯೇ. ಈಗ ಅದನ್ನು ಯಾರಾದರೂ ಹೊರಗಿನದು ಅಂದರೆ ಹಾಸನ, ಮಂಡ್ಯದವರು ಸುಮ್ಮನೆ ಬಿಡುತ್ತಾರೆಯೇ?

ಆಟ

ನನಗೆ ಚಿಕ್ಕಂದಿನಿಂದ ಅಂಚೆಚೀಟಿ ಕೂಡಿಸುವ ಹವ್ಯಾಸ. ಬ್ಯಾಂಕಿಗೆ ಬರುತ್ತಿದ್ದ ವಿದೇಶದ ಲಕೋಟೆಗಳೇ ನನ್ನ ಗಣಿ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಯಿತಲ್ಲ, ಕಾಲೇಜು ಮುಚ್ಚಿತು, ವಿಮಾನ ನಿಂತಿತು. ಕಮ್ಮನಹಳ್ಳಿ ಮೇನ್ ರೋಡಿನಲ್ಲಿ ಹಗಲು ಹೊತ್ತಿನಲ್ಲಿ ಕಾಗೆ ಕೂಗುವುದು ಕೇಳುತ್ತಿತ್ತು. ಮೂರು ಹೊತ್ತೂ ಒಬ್ಬನೇ ಕೋಣೆಯಲ್ಲಿ ಕೂತ ಹುಡುಗನ ಮುಖ ಸಣ್ಣಗಾಯಿತು. ನನ್ನ ಮಗಳು ಅಮೆರಿಕದ ಡಲ್ಲಾಸ್‌ನಲ್ಲಿ ಇದ್ದಾಳೆ. ಅವಳೂ ಆಗ ಹೀಗೇ ಒಂದು ಗೋಡೆ ನೋಡುತ್ತ ಕೂತಿದ್ದಳು. ಅಲ್ಲಿ ಪಕ್ಕದ ಮನೆಯ ಮುದುಕಿಯೊಬ್ಬಳು ವಾರಕ್ಕೊಮ್ಮೆ ಬಾಗಿಲ ಮುಂದೆ ಹಣ್ಣು ಇಟ್ಟು ಹೋಗುತ್ತಿದ್ದಳಂತೆ. ಆ ಮಾತು ಕೇಳಿದ ದಿನವೇ ನಮ್ಮವಳು ಮಹಡಿಗೆ ಒಂದು ಡಬ್ಬಿ ಉಪ್ಪಿಟ್ಟು ಕಳಿಸಿದಳು.

ಸಂಜೆ ವರಾಂಡದಲ್ಲಿ ದೂರ ದೂರ ಕೂತು ನಾನು ಆಲ್ಬಮ್ ತೆಗೆದೆ. ಅದರಲ್ಲಿ ಕೆನ್ಯಾ, ಉಗಾಂಡಾ, ಟಾಂಗಾನಿಕಾ ಮೂರೂ ಹೆಸರು ಒಟ್ಟಿಗೆ ಅಚ್ಚಾದ ಹಳೆಯ ಚೀಟಿಯೊಂದಿದೆ. ಮೂರು ನಾಡಿಗೂ ಆಗ ಒಂದೇ ಅಂಚೆ. ಚಿತ್ರದಲ್ಲಿ ನೀರಿನ ಮೇಲೆ ಒಂದು ಹಾಯಿದೋಣಿ. ಹುಡುಗ ಅದನ್ನು ಬಹಳ ಹೊತ್ತು ನೋಡಿದ. “ಇದು ನಮ್ಮ ಸರೋವರ ತಾತ” ಅಂದ. ನಲವತ್ತು ವರ್ಷದಿಂದ ಆ ಚೀಟಿ ನನ್ನ ಹತ್ತಿರ ಇತ್ತು. ಅದಕ್ಕೆ ಒಬ್ಬ ಊರಿನವನು ಸಿಕ್ಕಿದ್ದು ಅವತ್ತು.

ಆಮೇಲೆ ನಮ್ಮವಳು ಅಟ್ಟದಿಂದ ತನ್ನ ತಾಯಿಯ ಅಳಗುಳಿಮಣೆ ಇಳಿಸಿದಳು. ಎರಡು ಸಾಲು, ಸಾಲಿಗೆ ಏಳು ಗುಳಿ. ಕರಾವಳಿಯಲ್ಲಿ ಇದಕ್ಕೇ ಚೆನ್ನೆಮಣೆ ಅನ್ನುತ್ತಾರೆ. ಗುಳಿಗೆ ನಾಲ್ಕರಂತೆ ಹುಣಸೆಬೀಜ ಹಾಕಿ, ಒಂದು ಗುಳಿಯದನ್ನು ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗುವ ಆಟ. ನಾವು ಹೇಳಿಕೊಡಲು ಬಾಯಿ ತೆರೆಯುವಷ್ಟರಲ್ಲಿ ಅವನ ಬೆರಳು ಬೀಜ ಬಿತ್ತುತ್ತಿತ್ತು! ಅವರಲ್ಲಿ ಇದು ‘ಬಾವೊ’. ಬಾವೊ ಅಂದರೆ ಹಲಗೆ, ನಮ್ಮ ‘ಮಣೆ’ಯೇ. ಅವರದು ನಾಲ್ಕು ಸಾಲು, ಸಾಲಿಗೆ ಎಂಟು ಗುಳಿ, ಒಟ್ಟು 64 ಬೀಜ. ಘಾನಾದಲ್ಲಿ ‘ಓವಾರೆ’, ನೈಜೀರಿಯಾದ ಯೊರುಬಾ ಜನರಲ್ಲಿ ‘ಆಯೊ’, ಅಲ್ಲಿ ಎರಡು ಸಾಲು, ಆರಾರು ಗುಳಿ, ನಮ್ಮ ಹಾಗೇ ಗುಳಿಗೆ ನಾಲ್ಕು ಬೀಜ.

ನಮ್ಮ ಮನೆಯ ಕಾಂಪೌಂಡಿನ ಆಚೆ ಎದುರುಮನೆಯ ನಾಲ್ಕನೇ ತರಗತಿಯ ಹುಡುಗಿ ಇದನ್ನೆಲ್ಲ ಗೇಟಿನ ಸಂದಿಯಿಂದ ನೋಡುತ್ತಿದ್ದಳು. ಲಾಕ್‌ಡೌನ್ ಸಡಿಲವಾದ ಮೇಲೆ ಅವಳೂ ಬಂದು ಕೂತಳು. ಎಣಿಕೆಯಲ್ಲಿ ಅವಳು ನಮ್ಮಿಬ್ಬರು ಬಿ.ಕಾಂ.ಗಳಿಗಿಂತ ಚುರುಕು. ಎಲ್ಲಿ ಕೊನೆಯ ಬೀಜ ಬೀಳುತ್ತದೆ ಎಂದು ಮೊದಲೇ ಹೇಳಿಬಿಡುತ್ತಿದ್ದಳು.

ಪರದೇಶದವರು ಬೆಂಗಳೂರಿಗೆ ಬಂದು ಹವ್ಯಾಸ ಬೆಳೆಸಿಕೊಳ್ಳುವುದು ಹೊಸದೇನಲ್ಲ. 1896ರಲ್ಲಿ ಇಪ್ಪತ್ತೊಂದು ವರ್ಷದ ಒಬ್ಬ ಇಂಗ್ಲಿಷ್ ಸೈನ್ಯಾಧಿಕಾರಿ ಇಲ್ಲಿನ ದಂಡುಪ್ರದೇಶಕ್ಕೆ ಬಂದ. ಪೋಲೊ ಆಡಿದ, ಗುಲಾಬಿ ಬೆಳೆಸಿದ, ಚಿಟ್ಟೆ ಕೂಡಿಹಾಕಿದ. ಚಿಟ್ಟೆಗಳನ್ನು ಒಂದು ಇಲಿ ತಿಂದುಹಾಕಿತು! ಅವನೇ ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿನ್‌ಸ್ಟನ್ ಚರ್ಚಿಲ್. ಅವನು ಇಲ್ಲಿಂದ ಹೋಗುವಾಗ ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿಹೋದ. ‘ವಸೂಲಾಗದ ಬಾಕಿ’ ಅಂತ 1899ರಲ್ಲಿ ಬರೆದ ಆ ಪುಟವನ್ನು ಇವತ್ತಿನ ಬೆಂಗಳೂರು ಕ್ಲಬ್ಬಿನವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ.

ವೋಚರ್

ಇಷ್ಟು ಹೊತ್ತು ಸಿಹಿ ಹೇಳಿದೆ. ಇನ್ನು ಕಹಿ.

2021ರಲ್ಲಿ ಒಂದು ಬೆಳಿಗ್ಗೆ ನಮ್ಮ ಬೀದಿಯಲ್ಲಿ ನಿಲ್ಲಿಸಿದ್ದ ಒಂದು ಸ್ಕೂಟರಿನ ಕನ್ನಡಿ ಮುರಿದುಬಿದ್ದಿತ್ತು, ಬದಿಯಲ್ಲಿ ಗೀರು. ನೋಡಿದವರು ಯಾರೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ “ಆ ಮಹಡಿ ಮನೆಯ ಕರಿಯನೇ ಇರಬೇಕು” ಅನ್ನುವ ಮಾತು ಹುಟ್ಟಿತು. ಸಂಜೆಗೆ ‘ಇರಬೇಕು’ ಬಿದ್ದುಹೋಗಿ ‘ಅವನೇ’ ಆಯಿತು. ಭಾನುವಾರ ಬೀದಿಯ ನಾಲ್ಕು ಜನ ನಮ್ಮ ವರಾಂಡಕ್ಕೆ ಬಂದರು. ಎಲ್ಲರೂ ಒಳ್ಳೆಯವರೇ, ನನ್ನ ಜೊತೆ ಬೆಳಗಿನ ವಾಕಿಂಗ್ ಬರುವವರು. “ನೋಡಿ ಸಾರ್, ನಮಗೇನೂ ದ್ವೇಷವಿಲ್ಲ. ಆದರೆ ಈ ಜನರಿಗೆ ಮನೆ ಕೊಡುವುದು ಬೇಡ. ತಿಂಗಳ ಕೊನೆಗೆ ಖಾಲಿ ಮಾಡಿಸಿ” ಅಂದರು.

ನಾನು ಕಾಫಿ ತರಿಸಿ, ನನಗೆ ಗೊತ್ತಿರುವ ಒಂದೇ ವಿದ್ಯೆಯ ಮಾತು ಹೇಳಿದೆ. ಬ್ಯಾಂಕಿನಲ್ಲಿ ಮೊದಲ ದಿನ ಹಿರಿಯರು ಕಲಿಸಿದ್ದು ಇದು: ವೋಚರ್ ಇಲ್ಲದೆ ಯಾರ ಖಾತೆಗೂ ಖರ್ಚು ಬರೆಯಬಾರದು. ರಾಮನ ಖಾತೆಯ ಸಾಲವನ್ನು ಭೀಮನ ಖಾತೆಗೆ ಹಾಕಿದರೆ ಸಂಜೆ ಒಟ್ಟು ಮೊತ್ತ ತಾಳೆಯಾಗಬಹುದು, ಆದರೆ ಭೀಮನ ಮನೆ ಮುಳುಗುತ್ತದೆ. “ಸ್ಕೂಟರ್ ಮುಟ್ಟಿದವನು ಇವನೇ ಎಂಬುದಕ್ಕೆ ಒಂದು ವೋಚರ್ ತೋರಿಸಿ, ನಾಳೆಯೇ ಖಾಲಿ ಮಾಡಿಸುತ್ತೇನೆ” ಅಂದೆ.

2016ರ ಜನವರಿಯ ಕೊನೆಯ ದಿನ ನಮ್ಮ ಇದೇ ಬೆಂಗಳೂರಿನಲ್ಲಿ, ಹೆಸರಘಟ್ಟದ ಹತ್ತಿರ ನಡೆದದ್ದನ್ನೂ ನೆನಪಿಸಿದೆ. ಸೂಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿ ಹೊಡೆದು ಒಬ್ಬ ಹೆಣ್ಣುಮಗಳು ತೀರಿಕೊಂಡರು. ಬಹಳ ದುಃಖದ ಸಂಗತಿ. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬೇರೆ ಕಾರಿನಲ್ಲಿ ಬಂದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು, ಕಾರಿಗೆ ಬೆಂಕಿ ಇಟ್ಟಿತು. ಆ ಹುಡುಗಿಗೂ ಆ ಅಪಘಾತಕ್ಕೂ ಯಾವ ಸಂಬಂಧವೂ ಇರಲಿಲ್ಲ. ಸೂಡಾನ್ ಬೇರೆ, ಟಾಂಜಾನಿಯಾ ಬೇರೆ. ಜನ ನೋಡಿದ್ದು ಮೈಬಣ್ಣ ಒಂದನ್ನೇ. ಒಬ್ಬನ ಲೆಕ್ಕವನ್ನು ಇನ್ನೊಬ್ಬಳ ಖಾತೆಗೆ ಬರೆದರು.

ಒಬ್ಬರು ಮಾತ್ರ, “ಆದರೂ ಸಾರ್, ಇವರು ನಮ್ಮವರಲ್ಲವಲ್ಲ” ಅಂದರು. ಅದಕ್ಕೂ ಉತ್ತರವಿತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು, ಬಹಳಷ್ಟು ಜನ ಗುಲಾಮರಾಗಿ ಬಂದವರು. ಇವತ್ತು ಅವರು ಕನ್ನಡ, ಕೊಂಕಣಿ ಮಾತಾಡುತ್ತಾರೆ. 2003ರಲ್ಲಿ ಸರ್ಕಾರ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. “ಅವರು ನಮ್ಮವರೋ ಅಲ್ಲವೋ?” ಅಂತ ಕೇಳಿದೆ. ಕಾಫಿ ಲೋಟ ಕೆಳಗಿಟ್ಟು ಅವರು ಸುಮ್ಮನಾದರು.

ಮಕ್ಕಳೇ, ಕಥೆಗಳಲ್ಲಿ ಆಗುವ ಹಾಗೆ ಕೊನೆಗೆ ನಿಜವಾದ ತಪ್ಪಿತಸ್ಥ ಸಿಕ್ಕಿಬೀಳಲಿಲ್ಲ. ಆ ಕನ್ನಡಿ ಯಾರು ಮುರಿದರು ಎಂದು ಇವತ್ತಿಗೂ ಗೊತ್ತಿಲ್ಲ. ನೀರಿನ ಟ್ಯಾಂಕರಿರಬಹುದು, ಹಸುವಿರಬಹುದು. ಬಂದ ನಾಲ್ವರಲ್ಲಿ ಇಬ್ಬರು ಮತ್ತೆ ನನ್ನ ಜೊತೆ ವಾಕಿಂಗ್ ಬಂದರು. ಇಬ್ಬರು ಈಗಲೂ ಬೇರೆ ದಾರಿ ಹಿಡಿಯುತ್ತಾರೆ. ಹುಡುಗ ಮಾತ್ರ ಮನೆ ಬಿಡಲಿಲ್ಲ.

ಅವತ್ತು ರಾತ್ರಿ ಅವನಿಗೆ ವಿಷಯ ತಿಳಿಯಿತು. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಂದು ಪದ ಹೇಳಿಕೊಟ್ಟ: ‘ಮ್ಗೇನಿ’. ಸ್ವಾಹಿಲಿಯಲ್ಲಿ ಹೊರಗಿನವನು, ಪರದೇಶದವನು ಅಂತ ಅದರ ಅರ್ಥ. ಅತಿಥಿ ಅಂತಲೂ ಅದೇ ಪದಕ್ಕೆ ಅರ್ಥ. ನಮ್ಮ ಪರದೇಶಿಗೆ ಎರಡನೆಯ ಅರ್ಥ ದಿಕ್ಕಿಲ್ಲದವನು, ಅವರ ಮ್ಗೇನಿಗೆ ಎರಡನೆಯ ಅರ್ಥ ಮನೆಗೆ ಬಂದ ನೆಂಟ. ಹಾಗಂತ ಅವರೇನು ನೆಂಟರನ್ನು ತಲೆಯ ಮೇಲೆ ಕೂರಿಸಿಕೊಳ್ಳುವುದಿಲ್ಲ. ‘ನೆಂಟ ಎರಡು ದಿನ, ಮೂರನೆಯ ದಿನ ಕೈಗೆ ಗುದ್ದಲಿ ಕೊಡು’ ಅಂತ ಅವರ ಗಾದೆ. ನಮ್ಮಲ್ಲೂ ‘ಬಂದ ದಿನ ನೆಂಟ, ಮರುದಿನ ಬಂಟ’ ಅನ್ನುತ್ತಾರಲ್ಲ. ಬಂದವನಿಗೆ ಊಟ ಹಾಕು, ಆಮೇಲೆ ನಮ್ಮಲ್ಲಿ ಒಬ್ಬನ ಹಾಗೆ ದುಡಿಯಲು ಬಿಡು, ಅಷ್ಟೇ.

2022ರಲ್ಲಿ ಪದವಿ ಮುಗಿಸಿ ಅವನು ಊರಿಗೆ ಹೊರಟ. ಕೊನೆಯ ತಿಂಗಳ ಕರೆಂಟ್ ಬಿಲ್ಲನ್ನು ಮೀಟರ್ ನೋಡಿ ತಾನೇ ಲೆಕ್ಕ ಹಾಕಿ, ಚಿಲ್ಲರೆ ಸಮೇತ ಎಣಿಸಿ ಕೊಟ್ಟ. ನಾನು ರಸೀದಿ ಬರೆದುಕೊಟ್ಟೆ. ಆ ವಿಷಯದಲ್ಲಿ ನಮ್ಮ ಕಮ್ಮನಹಳ್ಳಿಯ ಪರದೇಶಿ ಚರ್ಚಿಲ್ಲನಿಗಿಂತ ಮೇಲು, ಒಂದು ಪೈಸೆ ಬಾಕಿ ಇಲ್ಲ. ಹಾಯಿದೋಣಿಯ ಅಂಚೆಚೀಟಿಯನ್ನು ಆಲ್ಬಮ್ಮಿನಿಂದ ಬಿಡಿಸಿ ಅವನ ಪಾಸ್‌ಪೋರ್ಟಿನ ನಡುವೆ ಇಟ್ಟೆ. ಅದು ತನ್ನ ಸರೋವರಕ್ಕೆ ವಾಪಸ್ಸು ಹೋಯಿತು.

ಎದುರುಮನೆಯ ಹುಡುಗಿ ಈಗ ಹೈಸ್ಕೂಲು. ಶನಿವಾರ ಸಂಜೆ ಅವಳು ನಮ್ಮ ವರಾಂಡದಲ್ಲಿ ಅಳಗುಳಿಮಣೆ ಇಟ್ಟು, ಅದರ ಫೋಟೊ ತೆಗೆದು ಕಿಸುಮುವಿಗೆ ಕಳಿಸುತ್ತಾಳೆ. ಅಲ್ಲಿ ಹೊತ್ತು ನಮಗಿಂತ ಎರಡೂವರೆ ಗಂಟೆ ಹಿಂದೆ. ಯಾವ ಗುಳಿ ಎತ್ತಬೇಕೆಂದು ಅವನು ಸಂಖ್ಯೆ ಬರೆದು ಕಳಿಸುತ್ತಾನೆ, ಇವಳು ಅವನ ಪರವಾಗಿ ಬೀಜ ಬಿತ್ತುತ್ತಾಳೆ. ಅವಳೇ ಇಬ್ಬರ ಆಟವನ್ನೂ ಆಡುವುದಾದ್ದರಿಂದ ಲೆಕ್ಕ ನೋಡಿಕೊಳ್ಳಲು ನಾನು ಪಕ್ಕದಲ್ಲಿ ಕೂರುತ್ತೇನೆ. ಈ ತಿಂಗಳು ನಾಲ್ಕಕ್ಕೆ ಮೂರು ಆಟ ಅವಳೇ ಗೆದ್ದಿದ್ದಾಳೆ, ಪ್ರತಿಯೊಂದಕ್ಕೂ ಫೋಟೊದ ವೋಚರ್ ಇದೆ.